ಕ್ಯಾಲೆಂಡರ್ ಹಿಂದಿನ ಬೆತ್ತ

ಬ್ಲಾಗಿನ ಕಡೆ ತಲೆ ಹಾಕದೆ ಎರಡು ತಿಂಗಳಾಯ್ತು. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ. ಇದ್ದ ವಿಷಯ ಬರೆಯೋಕೆ ಧೈರ್ಯ ಇರಲಿಲ್ಲ, ಅಷ್ಟೆ.

ಹೋದ ತಿಂಗಳು ಒಂದು ಗುರುವಾರ ನನ್ನ ಮಗನಿಗೆ ಹೊಡೆದೆ. ಏಳು ವರ್ಷದ ಹುಡುಗ. ಡೈರಿಯಲ್ಲಿ ಮಿಸ್ಸು ಬರೆದದ್ದನ್ನು ಮೂರು ದಿನ ಬಚ್ಚಿಟ್ಟು, ಕೇಳಿದರೆ 'ಏನೂ ಬರ್ದಿಲ್ಲ' ಅಂತ ಸುಳ್ಳು ಹೇಳಿದ್ದ. ನಾನಾದರೋ ಎಲೆಕ್ಟ್ರಾನಿಕ್ ಸಿಟಿಯಿಂದ ಚಂದಾಪುರ ಸರ್ಕಲ್ ತಲುಪುವಷ್ಟರಲ್ಲೇ ಅರ್ಧ ಸತ್ತಿದ್ದೆ. (ಹೊಸೂರು ರಸ್ತೆ ಗೊತ್ತಿರೋರಿಗೆ ವಿವರಿಸಬೇಕಾಗಿಲ್ಲ. 2025ರಲ್ಲಿ ಮೆಟ್ರೋ ಬಂತು ನಿಜ, ಆದರೆ ಬೊಮ್ಮಸಂದ್ರಕ್ಕೇ ನಿಂತುಬಿಡುತ್ತೆ. ಉಳಿದ ತುಂಡು ನಮ್ಮ ಹಣೆಬರಹ!) ಕೈಗೆ ಸಿಕ್ಕ ಮರದ ಸ್ಕೇಲಿನಲ್ಲಿ ಮೀನಖಂಡಕ್ಕೆ ಎರಡೇಟು ಬಿಗಿದೆ. ಅವನು ಅಳಲಿಲ್ಲ. ಕಾಲು ಉಜ್ಜಿಕೊಳ್ಳುತ್ತಾ ಕೇಳಿದ: "ಸ್ಕೂಲಲ್ಲಿ ಹೊಡೆಯೋ ಹಾಗಿಲ್ಲ ಅಂತ ಮಿಸ್ ಹೇಳಿದಾರೆ. ಮನೇಲಿ ಹೊಡೀಬಹುದಾ ಪಪ್ಪ?"

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಮನೆಯೊಳಗೆ ಅಪ್ಪ ಅಮ್ಮ ಕೊಡುವ ಏಟಿಗೆ ಅಂಥ ನೇರ ನಿಷೇಧ ನಮ್ಮಲ್ಲಿಲ್ಲ. ಅಂದರೆ ಹುಡುಗ ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದ. ನಾನು "ಊಟ ಮಾಡು ಹೋಗು" ಅಂದೆ.

ಮೂರು ದಿನಕ್ಕೆ ಭಾನುವಾರ. ಆನೇಕಲ್ ರಸ್ತೆಯ ಬಾಡಿಗೆ ಹಾಲಿನಲ್ಲಿ ನಮ್ಮ ಪ್ರಾರ್ಥನಾ ಕೂಟ. ಅವತ್ತಿನ ಪಾಠ ಏನಿರಬೇಕು ಹೇಳಿ? ಜ್ಞಾನೋಕ್ತಿಗಳು 13:24! ಬೆತ್ತ ಹಿಡಿಯದ ಅಪ್ಪ ಮಗನನ್ನು ದ್ವೇಷಿಸಿದಂತೆ ಎನ್ನುವ ಅರ್ಥದ ವಚನ. "ಏಟು ತಿನ್ನದೆ ಬೆಳೆದೋರು ಯಾರಾದ್ರೂ ಇದೀರಾ?" ಅಂತ ಅಯ್ಯನವರು ಕೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಪಕ್ಕದಲ್ಲಿ ಕೂತಿದ್ದ ಮಗ ನನ್ನ ಮುಖ ನೋಡಿದ.

ನಮ್ಮಪ್ಪ ತುಮಕೂರು ಕಡೆ ಪ್ರೈಮರಿ ಶಾಲೆ ಮೇಷ್ಟ್ರು. ಬೆತ್ತ ಇರುತ್ತಿದ್ದದ್ದು ಗೋಡೆಯ ಮೇಲಿನ ಚರ್ಚ್ ಕ್ಯಾಲೆಂಡರ್ ಹಿಂದೆ. ಹೊಡೆದ ಮೇಲೆ ಮಂಡಿಯೂರಿಸಿ ಅದೇ ವಚನ ಓದಿಸಿ, ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡುತ್ತಿದ್ದರು. ಏಟಿನ ಉರಿ ಬೇಗ ಹೋಗುತ್ತಿತ್ತು. ಆ ಪ್ರಾರ್ಥನೆ ಮಾತ್ರ... ದೇವರೂ ಅಪ್ಪನ ಕಡೆಗೇ ಸೇರಿಕೊಂಡ ಅನ್ನಿಸೋದು. ಅಮೆರಿಕದ ಜೇಮ್ಸ್ ಡಾಬ್ಸನ್ 1970ರಲ್ಲಿ ಬರೆದ 'ಡೇರ್ ಟು ಡಿಸಿಪ್ಲಿನ್' ಪುಸ್ತಕದ ದಾರಿಯೂ ಹೆಚ್ಚು ಕಡಿಮೆ ಇದೇ. ಸಿಟ್ಟಿನಲ್ಲಿ ಹೊಡೆಯಬೇಡಿ, ಹೊಡೆದಾದ ಮೇಲೆ ಅಪ್ಪಿಕೊಳ್ಳಿ ಅಂತ. ಅಪ್ಪ ಅದನ್ನು ಓದಿರಲಿಲ್ಲ ಬಿಡಿ, ಅಪ್ಪಿಕೊಂಡೂ ಇರಲಿಲ್ಲ :)

ಇದು ಕ್ರೈಸ್ತರ ಸೊತ್ತು ಅಂತ ಮಾತ್ರ ಅಂದುಕೊಳ್ಳಬೇಡಿ. ಕೂಲಿಮಠದಲ್ಲಿ ಹುಡುಗರನ್ನು ಹಗ್ಗಕ್ಕೆ ನೇತುಹಾಕುವ ಕೋದಂಡದ ಶಿಕ್ಷೆ ನಿಮ್ಮ ತಾತಂದಿರಿಗೆ ಗೊತ್ತಿತ್ತು. 'ದಂಡಂ ದಶಗುಣಂ' ಅಂದದ್ದು ಬೈಬಲ್ ಓದಿದವರಲ್ಲ. ನಮ್ಮವರ ತೊಂದರೆ ಏನಂದರೆ, ಏಟಿನ ಜೊತೆಗೆ ಅಧ್ಯಾಯ, ವಚನದ ನಂಬರ್ ಕೂಡ ಕೊಟ್ಟುಬಿಡುತ್ತಾರೆ.

ಆ ರಾತ್ರಿ ಕೂತು ಓದಿದೆ. ಎಲ್ಲರ ಬಾಯಲ್ಲಿರೋ ಆ ಇಂಗ್ಲಿಷ್ ಗಾದೆ, ಬೆತ್ತ ಬಿಟ್ಟರೆ ಮಗು ಕೆಡುತ್ತೆ ಅನ್ನೋದು, ಆ ಮಾತಿನಲ್ಲಿ ಬೈಬಲಿನದ್ದೇ ಅಲ್ಲ. 17ನೇ ಶತಮಾನದ ಸ್ಯಾಮ್ಯುಯೆಲ್ ಬಟ್ಲರನ 'ಹ್ಯೂಡಿಬ್ರಾಸ್' ಅನ್ನೋ ವಿಡಂಬನೆ ಕಾವ್ಯದ್ದು! ಇನ್ನು ಹೀಬ್ರೂವಿನಲ್ಲಿ ಬೆತ್ತಕ್ಕಿರುವ 'ಶೇವೆಟ್' ಎಂಬ ಪದವೇ 23ನೇ ಕೀರ್ತನೆಯಲ್ಲಿ ಕುರುಬನ ಕೈಯ ಕೋಲು. ಅಲ್ಲಿ ಅದು ಧೈರ್ಯ ಕೊಡುತ್ತದೆ. ಹಾಗಾಗಿ ಬೆತ್ತ ಅಂದರೆ ದಾರಿ ತೋರಿಸೋದು ಅಷ್ಟೇ ಅಂತ ಕೆಲವರು ವಾದಿಸುತ್ತಾರೆ. ನನಗೆ ಈ ವಾದ ತುಂಬಾ ಬೇಕಾಗಿತ್ತು, ಆದರೆ ಪೂರ್ತಿ ಒಪ್ಪೋಕಾಗಲಿಲ್ಲ. ಜ್ಞಾನೋಕ್ತಿ 23:13ರಲ್ಲಿ ಹೊಡೆಯೋ ಮಾತು ಸ್ಪಷ್ಟವಾಗೇ ಇದೆ.

ಆದರೆ ಧರ್ಮೋಪದೇಶಕಾಂಡ 21ರಲ್ಲಿ ಮಾತು ಕೇಳದ ಮೊಂಡ ಮಗನನ್ನು ಊರವರೆಲ್ಲ ಕಲ್ಲೆಸೆದು ಕೊಲ್ಲಬೇಕು ಅಂತಲೂ ಇದೆ. ಅದನ್ನು ಆ ಕಾಲದ ಮಾತು ಅಂತ ಎಲ್ಲ ಸಭೆಯವರೂ ಆರಾಮಾಗಿ ಬಿಟ್ಟಿದ್ದೇವಲ್ಲ? ಜ್ಞಾನೋಕ್ತಿಗಳನ್ನು ಸೊಲೊಮೋನನ ಹೆಸರಿನಲ್ಲಿ ಹೇಳುತ್ತೇವೆ. ಅವನ ಸ್ವಂತ ಮಗ ರೆಹಬ್ಬಾಮ ಏನಾದ? ಅಪ್ಪ ಚಾವಟಿಯಲ್ಲಿ ಹೊಡೆದ, ನಾನು ಚೇಳುಗಳಿಂದ ಹೊಡೀತೀನಿ ಅಂತ ಜನಕ್ಕೆ ಹೆದರಿಸಿ ರಾಜ್ಯವನ್ನೇ ಎರಡು ಹೋಳು ಮಾಡಿದ. ಇದನ್ನು ಯಾವ ಪ್ರಸಂಗದಲ್ಲೂ ಯಾರೂ ಜೋಡಿಸಿ ಹೇಳಿದ್ದು ನಾನು ಕೇಳಿಲ್ಲ.

ಸಭೆಗಳೂ ಒಂದೇ ದಾರಿಯಲ್ಲಿಲ್ಲ. 1979ರಲ್ಲಿ ಮನೆಯಲ್ಲೂ ಹೊಡೆಯಬಾರದು ಅಂತ ಪ್ರಪಂಚದಲ್ಲೇ ಮೊದಲು ಕಾನೂನು ಮಾಡಿದ್ದು ಲುಥರನ್ನರೇ ಹೆಚ್ಚಿದ್ದ ಸ್ವೀಡನ್. ನನ್ನಾಕೆಯ ತವರಿನವರು ಕ್ಯಾಥೊಲಿಕ್ಕರು. ಅವರ ಪೋಪ್ ಫ್ರಾನ್ಸಿಸ್ 2015ರಲ್ಲಿ, ಮಕ್ಕಳಿಗೆ ಒಮ್ಮೊಮ್ಮೆ ಹೊಡೀತೀನಿ, ಅವಮಾನ ಆಗಬಾರದೂಂತ ಮುಖಕ್ಕೆ ಹೊಡೆಯಲ್ಲ ಎಂದ ಒಬ್ಬ ತಂದೆಯನ್ನು ಮೆಚ್ಚಿ ಮಾತಾಡಿ ದೊಡ್ಡ ಗಲಾಟೆಯೇ ಆಗಿತ್ತು. ಮೀನಖಂಡವಾದರೆ ಅವಮಾನ ಆಗಲ್ವಾ ಅಂತ ನನ್ನಾಕೆ ನನ್ನನ್ನೇ ಕೇಳಿದಳು.

ಊರಿಗೆ ಫೋನ್ ಮಾಡಿದೆ. "ಅಪ್ಪ, ನಂಗೆ ಹೊಡೀತಿದ್ರಲ್ಲ, ನೆನಪಿದ್ಯಾ?"

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಆ ಪೆನ್ನು ನೀನು ತಗೊಂಡಿರಲಿಲ್ಲ ಕಣೋ. ನನ್ನ ಬ್ಯಾಗಲ್ಲೇ ಇತ್ತು. ಮಾರನೇ ದಿನ ಸಿಕ್ತು."

ನಾನು ಕೇಳಿದ್ದು ಪೆನ್ನಿನ ವಿಷಯ ಅಲ್ಲವೇ ಅಲ್ಲ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗಿನ ಮಾತು ಅದು. ಅಷ್ಟು ವರ್ಷ ಅವರು ಅದನ್ನು ಇಟ್ಟುಕೊಂಡಿದ್ದರು.

"ಆಗ್ಲೇ ಹೇಳಬಹುದಿತ್ತಲ್ಲ ಅಪ್ಪ?"

"ಹೇಳಿದ್ರೆ ಆಮೇಲೆ ನೀನು ನನ್ನ ಮಾತು ಕೇಳ್ತಿದ್ಯಾ?" ಅಂದರು. ಆಮೇಲೆ ಮಳೆ ಬಂತಾ ಅಂತ ಕೇಳಿದರು.

ಫೋನಿಟ್ಟು ಹೋಗಿ ಮಗನಿಗೆ ಸಾರಿ ಹೇಳಿದೆ. ಸುಳ್ಳು ಹೇಳಿದ್ದು ತಪ್ಪು, ಆದರೆ ನಾನು ಹೊಡೆದದ್ದು ನಿನ್ನ ಸುಳ್ಳಿಗಲ್ಲ, ನನ್ನ ಸುಸ್ತಿಗೆ ಅಂತಲೂ ಹೇಳಿದೆ. ಅರ್ಥವಾಯಿತೋ ಇಲ್ಲವೋ. "ಹೂಂ" ಅಂದ, ಟೀವಿಯಿಂದ ಕಣ್ಣು ತೆಗೆಯದೆ. ಒಂದು ನಿಮಿಷ ಬಿಟ್ಟು, "ಅಯ್ಯನವರಿಗೂ ಹೇಳ್ತೀಯಾ?" ಅಂದ.

ಈ ಭಾನುವಾರದ ಪಾಠ ಎಫೆಸ 6:4, ತಂದೆಗಳು ಮಕ್ಕಳಿಗೆ ಸಿಟ್ಟು ಬರಿಸಬಾರದು ಅನ್ನೋ ಭಾಗ. ಓದಿ ಎರಡು ಮಾತು ಹೇಳೋ ಸರದಿ ನನ್ನದೇ. ಅವನು ಪಕ್ಕದಲ್ಲೇ ಕೂತಿರುತ್ತಾನೆ.