ಪೂರ್ವರಂಗ

ಬಯಲಾಟ ನೋಡಿ ಬೆಳೆದವರಿಗೆ ಒಂದು ಸಂಗತಿ ಗೊತ್ತು. ಪ್ರಸಂಗ ಶುರುವಾಗುವ ಹೊತ್ತಿಗೆ ರಂಗದ ಮೇಲೆ ಎಷ್ಟೋ ನಡೆದು ಹೋಗಿರುತ್ತದೆ. ಚೌಕಿಯಲ್ಲಿ ಗಣಪತಿಗೆ ಪೂಜೆಯಾಗಬೇಕು, ಊರಿಗೆಲ್ಲ ಕೇಳುವಂತೆ ಕೇಳಿ ಬಡಿಯಬೇಕು, ಕೋಡಂಗಿಗಳು ಕುಣಿಯಬೇಕು, ಬಾಲಗೋಪಾಲರು ಬರಬೇಕು, ಸ್ತ್ರೀವೇಷಗಳು ಕುಣಿದು ಒಳಗೆ ಹೋಗಬೇಕು. ಒಡ್ಡೋಲಗ ಆಮೇಲೆ. ಇಷ್ಟಕ್ಕೂ ಪೂರ್ವರಂಗವೆಂದು ಹೆಸರು. ಪ್ರೇಕ್ಷಕರಲ್ಲಿ ಹೆಚ್ಚಿನವರು ಆಗಿನ್ನೂ ಮನೆಯಲ್ಲಿ ಊಟಕ್ಕೆ ಕೂತಿರುತ್ತಿದ್ದರು. ಈಗಿನ ಕಾಲಮಿತಿ ಆಟಗಳಲ್ಲಂತೂ ಅದನ್ನು ತುಂಬ ಮೊಟಕು ಮಾಡಿದ್ದಾರೆ. ಯಾರೂ ನೋಡದ್ದಕ್ಕೆ ಅಷ್ಟು ಹೊತ್ತು ಯಾಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಹೊಸ ಹುಡುಗರು ಹೆಜ್ಜೆ ಕಲಿಯುತ್ತಿದ್ದದ್ದು, ದೊಡ್ಡ ವೇಷಕ್ಕೆ ಏರುವ ಮೊದಲ ಮೆಟ್ಟಿಲು ಹತ್ತುತ್ತಿದ್ದದ್ದು ಅಲ್ಲಿಯೇ.

ನಾನು ಬರೆಯಲು ಬಳಸುವ ಕಂಪ್ಯೂಟರಿನಲ್ಲಿಯೂ ಇಂಥ ಒಂದು ಪೂರ್ವರಂಗ ದಿನವೂ ನಡೆಯುತ್ತದೆ. ಒಂದೆರಡು ಸೆಕೆಂಡಿನ ಆಟ ಅದು. ನೋಡುವವರು ಯಾರೂ ಇಲ್ಲ. ನಾನು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಅದರ ಎದುರು ಕೂತಿದ್ದೇನೆ. ಹಾಗಾಗಿ ಅದರ ಬಗ್ಗೆ ನಾಲ್ಕು ಮಾತು ಬರೆಯುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಇಮ್ಯಾಕ್ಸ್ ಎಂಬ ಎಡಿಟರಿನ ಹೆಸರನ್ನು ಎಲ್ಲರೂ ಕೇಳಿರಲಿಕ್ಕಿಲ್ಲ. ಅಕ್ಷರ ಹೊಡೆಯಲು, ತಿದ್ದಲು, ಉಳಿಸಿಕೊಳ್ಳಲು ಇರುವ ಒಂದು ಪ್ರೋಗ್ರಾಮು ಅದು. 1976ರಲ್ಲಿ ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆಯ ಪ್ರಯೋಗಾಲಯದಲ್ಲಿ, ಟೆಕೊ ಎಂಬ ಇನ್ನೂ ಹಳೆಯ ಎಡಿಟರಿಗೆ ಕಟ್ಟಿದ ಮ್ಯಾಕ್ರೊಗಳ ಗಂಟಾಗಿ ಹುಟ್ಟಿತು. ನಾವು ಇಂದು ಬಳಸುವ ಗ್ನೂ ಇಮ್ಯಾಕ್ಸನ್ನು ರಿಚರ್ಡ್ ಸ್ಟಾಲ್‌ಮನ್ 1984ರಲ್ಲಿ ಬರೆಯತೊಡಗಿ 1985ರಲ್ಲಿ ಹೊರಗೆ ಬಿಟ್ಟರು. ಅದರ ತಿರುಳು ಸಿ ಭಾಷೆಯದು, ಉಳಿದ ಬಹುಪಾಲು ಲಿಸ್ಪ್ ಭಾಷೆಯದು. ಆ ಲಿಸ್ಪನ್ನು ಬಳಸುವವನೂ ಬರೆಯಬಹುದು ಎಂಬುದೇ ಅದರ ವಿಶೇಷ. ಬೇರೆ ಪ್ರೋಗ್ರಾಮುಗಳಲ್ಲಿ ನಾವು ನೆಂಟರು. ಕೊಟ್ಟ ಕುರ್ಚಿಯಲ್ಲಿ ಕೂತು ಕೊಟ್ಟ ಕಾಫಿ ಕುಡಿದು ಬರಬೇಕು. ಇಲ್ಲಿ ಅಡುಗೆಮನೆಯೊಳಗೂ ಹೋಗಬಹುದು.

ಅದು ಏಳುವ ಕ್ರಮ ಹೀಗಿದೆ. ಮೊತ್ತಮೊದಲಿಗೆ ಬರೀ ಸಿ ತಿರುಳಷ್ಟೇ ಇರುವ ಒಂದು ಬೋಳು ಇಮ್ಯಾಕ್ಸ್. ಅದಕ್ಕೆ ಟೆಮ್ಯಾಕ್ಸ್ ಎನ್ನುತ್ತಾರೆ. ಅಕ್ಷರ ತಿದ್ದುವ ಸಾಮಾನ್ಯ ವಿದ್ಯೆಗಳಲ್ಲಿ ಹೆಚ್ಚಿನವು ಅದಕ್ಕೆ ಗೊತ್ತಿಲ್ಲ. ಅವೆಲ್ಲ ಲಿಸ್ಪ್ ಫೈಲುಗಳಲ್ಲಿವೆ. ನಾವು ತೆರೆದಾಗಲೆಲ್ಲ ಆ ಫೈಲುಗಳನ್ನು ಒಂದೊಂದಾಗಿ ಓದುತ್ತ ಕೂತರೆ ಕಾಯುವವರಿಗೆ ಬೇಸರ. ಅದಕ್ಕಾಗಿ ಪ್ರೋಗ್ರಾಮನ್ನು ಕಟ್ಟುವಾಗಲೇ ಒಮ್ಮೆ ಎಲ್ಲವನ್ನೂ ಓದಿಸಿ, ಓದಿ ಮುಗಿಸಿದ ಆ ಮನಃಸ್ಥಿತಿಯನ್ನು ಹಾಗೆಯೇ ಡಿಸ್ಕಿಗೆ ಇಳಿಸಿ ಇಡುತ್ತಾರೆ. ನಮ್ಮ ಮನೆಗಳಲ್ಲಿ ಹಲಸಿನ ಹಪ್ಪಳ ಮಾಡುವ ಕ್ರಮವೇ ಇದು. ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಕೂತು ಬೇಯಿಸಿ, ಅರೆದು, ಒತ್ತಿ, ಅಂಗಳದಲ್ಲಿ ಒಣಗಿಸಿ ಡಬ್ಬದಲ್ಲಿ ಕಟ್ಟಿಡುತ್ತಾರೆ. ಆಟಿಯ ಮಳೆಯಲ್ಲಿ ನೆಂಟರು ಬಂದರೆ ಎಣ್ಣೆ ಕಾಯುವಷ್ಟೇ ಹೊತ್ತು. 2020ರಲ್ಲಿ ಬಂದ 27ನೆಯ ಆವೃತ್ತಿಯವರೆಗೆ ಈ ಇಳಿಸಿಡುವ ಉಪಾಯ ಆಯಾ ಯಂತ್ರದ, ಆಯಾ ವ್ಯವಸ್ಥೆಯ ಮರ್ಜಿಯನ್ನು ಹಿಡಿದು ನಡೆಯಬೇಕಿತ್ತು. ಆಮೇಲೆ ಎಲ್ಲ ಕಡೆ ಒಗ್ಗುವ ಹೊಸ ಉಪಾಯ ಬಂತು. ಹಪ್ಪಳ ಅದೇ, ಡಬ್ಬ ಬದಲಾಯಿತು.

ಹಪ್ಪಳ ಕರಿದಾದ ಮೇಲೆ ನಮ್ಮ ಸರದಿ. 27ನೆಯ ಆವೃತ್ತಿಯಿಂದ ಅದು ಮೊದಲು ಅರ್ಲಿ-ಇನಿಟ್ ಎಂಬ ಫೈಲನ್ನು ಹುಡುಕುತ್ತದೆ. ಆಗಿನ್ನೂ ಪರದೆಯ ಮೇಲೆ ಕಿಟಕಿ ಮೂಡಿರುವುದಿಲ್ಲ. ಮೇಲಿನ ಮೆನು ಬೇಡ ಎನ್ನುವವರು ಅಲ್ಲಿ ಹೇಳಿಬಿಟ್ಟರೆ ಅದನ್ನು ಬರೆದು ಆಮೇಲೆ ಅಳಿಸುವ ಶ್ರಮ ಯಂತ್ರಕ್ಕೆ ತಪ್ಪುತ್ತದೆ. ಹೊರಗಿನಿಂದ ತಂದು ಸೇರಿಸಿದ ಪ್ಯಾಕೇಜುಗಳು ಆಮೇಲೆ ಎಚ್ಚರವಾಗುತ್ತವೆ. ಮುಂದಿನದು ಸೈಟ್-ಸ್ಟಾರ್ಟ್. ಕಾಲೇಜೋ ಕಚೇರಿಯೋ ತನ್ನ ಎಲ್ಲ ಬಳಕೆದಾರರಿಗಾಗಿ ಬರೆದಿಟ್ಟ ಫೈಲು ಇದು. ಅದಾದ ಮೇಲೆ ನಮ್ಮದೇ ಫೈಲು. ಅದನ್ನು ಹಿಂದೆ ಡಾಟ್ ಇಮ್ಯಾಕ್ಸ್ ಎನ್ನುತ್ತಿದ್ದೆವು, ಈಗ ಹೆಚ್ಚಾಗಿ ಇನಿಟ್ ಎನ್ನುತ್ತೇವೆ. ಹೆಸರಿನ ಮುಂದೆ ಚುಕ್ಕಿ ಇಟ್ಟ ಫೈಲು ಯುನಿಕ್ಸಿನ ಸಾಧಾರಣ ಪಟ್ಟಿಯಲ್ಲಿ ಕಾಣಿಸುವುದಿಲ್ಲ. ಮನೆಯ ಯಜಮಾನನಿಗೆ ಮಾತ್ರ ಗೊತ್ತಿರುವ ಕಪಾಟಿನ ಹಾಗೆ. ಇದನ್ನು ಓದಿ ಮುಗಿಸಿದ ಮೇಲೆ ಸಂಸ್ಥೆಗೆ ಇನ್ನೊಂದು ಅವಕಾಶವಿದೆ, ಡೀಫಾಲ್ಟ್ ಎಂಬ ಫೈಲಿನ ಮೂಲಕ. ಅಂದರೆ ನಾವು ಹೇಳಿದ್ದನ್ನು ಸಂಸ್ಥೆ ಕೊನೆಗೆ ತಿದ್ದಬಹುದು. ಆದರೆ ಅದು ಬೇಡವೆಂದು ನಮ್ಮ ಫೈಲಿನಲ್ಲಿ ಒಂದು ಸಾಲು ಬರೆದರೆ ಡೀಫಾಲ್ಟನ್ನು ಅದು ಮುಟ್ಟುವುದೇ ಇಲ್ಲ. ಕೊನೆಯ ಮಾತು ಯಾರದು ಎಂದು ತೀರ್ಮಾನಿಸುವ ಮಾತನ್ನು ಬಳಕೆದಾರನ ಬಾಯಿಗೇ ಕೊಟ್ಟಿದ್ದಾರೆ. ನನ್ನ ಸರ್ವೀಸಿನಲ್ಲಿ ಇಷ್ಟು ಸಭ್ಯವಾದ ಆಡಳಿತವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ನನ್ನ ಇನಿಟ್ ಫೈಲು ನಾನು ಬರೆದದ್ದಲ್ಲ. 2001ರಲ್ಲಿ ನಮ್ಮ ಗಣಿತ ವಿಭಾಗದ ಹಿರಿಯ ಸಹೋದ್ಯೋಗಿಯೊಬ್ಬರು ಅದನ್ನು ಒಂದು ಫ್ಲಾಪಿಯಲ್ಲಿ ಹಾಕಿ ಕೊಟ್ಟರು. ಅವರನ್ನು ನಾವೆಲ್ಲ ಮಾಷ್ಟ್ರು ಎಂದೇ ಕರೆಯುತ್ತಿದ್ದೆವು. ಪ್ರಶ್ನೆಪತ್ರಿಕೆಗಳನ್ನು ಟೆಕ್‌ನಲ್ಲಿ ಅಚ್ಚುಕಟ್ಟಾಗಿ ಮಾಡುತ್ತಿದ್ದವರು ನಮ್ಮಲ್ಲಿ ಅವರೊಬ್ಬರೇ. "ನಿಮಗೆ ಬೇಡದ್ದನ್ನು ತೆಗೆಯಿರಿ, ಬೇಕಾದ್ದನ್ನು ಸೇರಿಸಿ. ಇದೆಂತ ಬಾಡಿಗೆ ಮನೆ ಅಲ್ಲ ಮಾರಾಯ್ರೆ, ಮೊಳೆ ಹೊಡೆಯಲಿಕ್ಕೆ ಯಾರನ್ನೂ ಕೇಳಬೇಕಂತ ಇಲ್ಲ" ಎಂದಿದ್ದರು. ನಾನು ಹಾಗೆಯೇ ಮಾಡುತ್ತ ಬಂದೆ. ಕಂಪ್ಯೂಟರುಗಳು ಬದಲಾದವು, ಕಾಲೇಜು ಬಿಟ್ಟೆ, ಮನೆ ಬದಲಾಯಿತು. ಫೈಲು ಜೊತೆಯಲ್ಲಿಯೇ ಬಂತು.

ಮಾಷ್ಟ್ರು 2016ರ ಮಳೆಗಾಲದಲ್ಲಿ ತೀರಿಕೊಂಡರು. ಹದಿಮೂರು ಮುಗಿದ ಮೇಲೆ ಅವರ ಮನೆಯವರು ಒಂದು ಪೆನ್‌ಡ್ರೈವ್ ಕೊಟ್ಟು, "ಇದರಲ್ಲಿ ಎಂತ ಉಂಟೋ ನಮಗೆ ಅರ್ಥ ಆಗುವುದಿಲ್ಲ, ನೀವೇ ನೋಡಿ" ಎಂದರು. ಅದರಲ್ಲಿ ಪಾಠದ ಟಿಪ್ಪಣಿಗಳಿದ್ದವು, ಪ್ರಶ್ನೆಪತ್ರಿಕೆಗಳಿದ್ದವು, ಅವರು ಕೊನೆಯ ತನಕ ಬಳಸಿದ ಇನಿಟ್ ಫೈಲೂ ಇತ್ತು. ನಾನು ನನ್ನ ಹಳೆಯ ಪ್ರತಿಯನ್ನೂ ಅದನ್ನೂ ಅಕ್ಕಪಕ್ಕ ತೆರೆದು ಸಾಲು ಸಾಲಾಗಿ ಓದಿದೆ.

ಲಿಸ್ಪಿನಲ್ಲಿ ಅರ್ಧವಿರಾಮದ ಚಿಹ್ನೆ ಇಟ್ಟರೆ ಆ ಸಾಲಿನ ಮುಂದಿನದನ್ನು ಯಂತ್ರ ಓದುವುದಿಲ್ಲ. ಅದು ಮನುಷ್ಯರಿಗಾಗಿ ಬರೆದದ್ದು. ಮಾಷ್ಟ್ರು ಏನನ್ನೂ ಅಳಿಸುವವರಲ್ಲ. ಬೇಡವಾದ ಸಾಲಿನ ಮುಂದೆ ಆ ಚಿಹ್ನೆ ಇಟ್ಟು, ತಾರೀಕು ಹಾಕಿ, ಕಾರಣ ಬರೆದು, ಕೆಳಗೆ ಹೊಸ ಸಾಲು ಬರೆಯುತ್ತಿದ್ದರು. ಆ ಕಾಲದಲ್ಲಿ ಅಲ್ಲಿ ಕನ್ನಡ ಲಿಪಿ ಬರುತ್ತಿರಲಿಲ್ಲ. ಹಾಗಾಗಿ ಮಾತೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಒಂದು ಕಡೆ, ಪ್ರತಿ ಸಲ ಉಳಿಸುವಾಗ ಹಿಂದಿನ ಪ್ರತಿಗಳನ್ನು ಸಂಖ್ಯೆ ಹಾಕಿ ಇಟ್ಟುಕೊಳ್ಳಬೇಕೆಂಬ ಆದೇಶ. ಅದರ ಮೇಲೆ, "ಕರೆಂಟು ಹೋಗಿ ಎರಡನೆ ಬಿ.ಎಸ್ಸಿ.ಯ ಪ್ರಶ್ನೆಪತ್ರಿಕೆ ಹೋಯಿತು. ಇನ್ನು ಹೋಗಬಾರದು." ಅಕ್ಷರದ ಗಾತ್ರದ ಸಾಲು ಒಂದಲ್ಲ, ನಾಲ್ಕು. 1997ರಲ್ಲಿ ಹನ್ನೆರಡು. 2006ರಲ್ಲಿ ಹದಿನಾಲ್ಕು, ಪಕ್ಕದಲ್ಲಿ "ಕನ್ನಡಕ ಬದಲಿಸಿದ್ದೇನೆ, ಸಾಲದು." 2012ರಲ್ಲಿ ಹದಿನೆಂಟು. 2015ರಲ್ಲಿ ಇಪ್ಪತ್ತನಾಲ್ಕು, ಅದಕ್ಕೆ ಕಾರಣವನ್ನು ಬರೆದಿರಲಿಲ್ಲ. ಅದರ ಕೆಳಗೆ, ಕರ್ಸರು ಮಿನುಗುವುದನ್ನು ನಿಲ್ಲಿಸುವ ಆದೇಶ: "ಮಿನುಗಿದರೆ ಹುಡುಕಬೇಕಾಗುತ್ತದೆ." ಅವರಿಗೆ ಕಣ್ಣು ಮಂದವಾಗುತ್ತ ಬಂದದ್ದನ್ನು ಅವರು ನಮ್ಮಲ್ಲಿ ಯಾರಲ್ಲಿಯೂ ಹೇಳಿದವರಲ್ಲ. ವಾರಕ್ಕೊಮ್ಮೆ ಕಾಣುತ್ತಿದ್ದ ನನಗೆ ಗೊತ್ತಿಲ್ಲದ್ದು ಅವರ ಎಡಿಟರಿಗೆ ಪ್ರತಿ ಬೆಳಿಗ್ಗೆ ಗೊತ್ತಾಗುತ್ತಿತ್ತು.

ಆ ಓದಿನಲ್ಲಿ ನನಗೆ ಬಹಳ ಕಾಲದ ಒಂದು ಒಗಟೂ ಬಿಡಿಸಿತು. ಇಮ್ಯಾಕ್ಸ್ ತೆರೆದೊಡನೆ ಪರದೆಯ ತಳದಲ್ಲಿ ಒಂದು ಸಾಲಿನ ಸಂದೇಶ ಬರುತ್ತದೆ. ಗ್ನೂ ಇಮ್ಯಾಕ್ಸ್ ಮತ್ತು ಗ್ನೂ ವ್ಯವಸ್ಥೆಯ ಬಗ್ಗೆ ತಿಳಿಯಬೇಕಾದರೆ ಇಂಥ ಕೀಲಿ ಒತ್ತಿ ಎನ್ನುವ ಸೂಚನೆ. ಅದು ಬಾರದಂತೆ ಮಾಡುವ ಸಾಲು ಮಾಷ್ಟ್ರ ಫೈಲಿನಲ್ಲಿತ್ತು, ಹಾಗಾಗಿ ನನ್ನದರಲ್ಲಿಯೂ ಇತ್ತು. ಅವರ ಪರದೆಯಲ್ಲಿ ಸಂದೇಶ ಬರುತ್ತಿರಲಿಲ್ಲ, ನನ್ನದರಲ್ಲಿ ದಿನವೂ ಬರುತ್ತಿತ್ತು. ಕೈಪಿಡಿ ತೆಗೆದು ನೋಡಿದರೆ ಕಾರಣ ಸ್ಪಷ್ಟವಾಗಿ ಬರೆದಿದೆ. ಈ ಸಂದೇಶವನ್ನು ಎಲ್ಲ ಬಳಕೆದಾರರೂ ನೋಡಬೇಕೆಂಬುದು ಮಾಡಿದವರ ಆಸೆ. ಒಂದು ಸಂಸ್ಥೆ ತನ್ನ ಎಲ್ಲರ ಪರವಾಗಿ ಅದನ್ನು ಅಡಗಿಸಿಬಿಡಬಾರದು. ಆದುದರಿಂದ ಹೌದು ಅಥವಾ ಅಲ್ಲ ಎಂದರೆ ಸಾಲದು. ಆ ಸಾಲಿನಲ್ಲಿ ನಮ್ಮ ಲಾಗಿನ್ ಹೆಸರನ್ನೇ ಬರೆಯಬೇಕು. ಇಮ್ಯಾಕ್ಸ್ ನಮ್ಮ ಫೈಲನ್ನು ಮತ್ತೊಮ್ಮೆ ತೆರೆದು, ಈ ಸಲ ಆದೇಶವಾಗಿ ಅಲ್ಲ, ಬರೀ ಬರಹವಾಗಿ ಓದಿ, ಆ ಹೆಸರು ಅಲ್ಲಿ ಇದೆಯೇ ಎಂದು ಹುಡುಕುತ್ತದೆ. ಇದ್ದರೆ ಸುಮ್ಮನಾಗುತ್ತದೆ. ಮಾಷ್ಟ್ರ ಸಾಲಿನಲ್ಲಿ ಇದ್ದದ್ದು ಮಾಷ್ಟ್ರ ಹೆಸರು. ನನ್ನ ಯಂತ್ರದಲ್ಲಿ ಅದು ಸುಳ್ಳು ಸಹಿಯಾಯಿತು.

ನೂರಾರು ಸಾಲುಗಳ ಆ ಫೈಲಿನಲ್ಲಿ ಉಳಿದದ್ದೆಲ್ಲ ನಕಲಿಗೆ ಒದಗುತ್ತದೆ. ಅವರ ಕೀಲಿಗಳು ನನ್ನ ಬೆರಳಿಗೆ ಬಂದಿವೆ, ಅವರ ಎಚ್ಚರ ನನ್ನ ಎಚ್ಚರವಾಗಿದೆ, ಯಾವತ್ತೋ ಹೋದ ಅವರ ಕರೆಂಟು ಇಂದಿಗೂ ನನ್ನ ಬರಹವನ್ನು ಕಾಯುತ್ತಿದೆ. ಈ ಒಂದು ಸಾಲು ಮಾತ್ರ ಕೈ ಬದಲಾದ ತಕ್ಷಣ ಕೆಲಸ ನಿಲ್ಲಿಸುತ್ತದೆ. ಬೇರೆಯವರು ಕೊಟ್ಟದ್ದನ್ನು ಬಳಸಲು ಅಡ್ಡಿಯಿಲ್ಲ, ಆದರೆ ನನಗೆ ಸಾಕು ಎಂದು ಹೇಳುವಾಗ ಮಾತ್ರ ನನ್ನ ಹೆಸರಿನಲ್ಲಿಯೇ ಹೇಳಬೇಕು. ಆ ನಿಯಮ ಮಾಡಿದವರ ಮನಸ್ಸಿನಲ್ಲಿ ಇಷ್ಟೆಲ್ಲ ಇತ್ತೆಂದು ನಾನು ವಾದಿಸುವುದಿಲ್ಲ. ನನಗೆ ಅದು ಹಾಗೆ ಕೇಳಿಸಿತು, ಅಷ್ಟೆ.

ಆ ಸಾಲನ್ನು ನಾನು ಅಳಿಸಲಿಲ್ಲ, ನನ್ನ ಹೆಸರನ್ನೂ ಹಾಕಲಿಲ್ಲ. ದಿನವೂ ಬೆಳಿಗ್ಗೆ ಸಂದೇಶ ಬರುತ್ತದೆ, ಮೊದಲ ಕೀಲಿ ಒತ್ತಿದೊಡನೆ ಹೋಗುತ್ತದೆ. ಅದರಿಂದ ನನಗೆ ತೊಂದರೆಯೇನೂ ಇಲ್ಲ. ಅವರ ಮಾತುಗಳನ್ನು ಮಾತ್ರ ನಿಧಾನವಾಗಿ ಕನ್ನಡ ಲಿಪಿಗೆ ತಂದೆ. ಈಗ ಇಮ್ಯಾಕ್ಸಿನಲ್ಲಿ ಕನ್ನಡ ಬರೆಯುವ ಕೀಲಿವಿಧಾನಗಳಿವೆ. ಜಗತ್ತಿನ ಭಾಷೆಗಳ ವಂದನೆಗಳನ್ನು ತೋರಿಸುವ ಅದರ ಫೈಲಿನಲ್ಲಿ ನಮ್ಮ ನಮಸ್ಕಾರವೂ ಇದೆ. ಅದನ್ನು ಮಾಷ್ಟ್ರು ನೋಡಿದ್ದರೋ ಇಲ್ಲವೋ, ಫೈಲಿನಲ್ಲಿ ಅದರ ಪ್ರಸ್ತಾಪವಿಲ್ಲ.

ಮೊನ್ನೆ ಮೊನ್ನೆ ನನ್ನ ತಂಗಿಯ ಮಗ ಇದೇ ಎಡಿಟರನ್ನು ಕಲಿಯಲು ಹೊರಟು, "ಮಾವ, ನಿಮ್ಮ ಇನಿಟ್ ಫೈಲ್ ಕೊಡಿ" ಎಂದ. ಕೊಡಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಬರಿಗೈಯಲ್ಲಿ ಶುರುಮಾಡುವುದೇ ಒಳ್ಳೆಯದು ಎನ್ನುವವರಿದ್ದಾರೆ. ದೊಡ್ಡ ಕ್ಯೂ ಅಕ್ಷರದ ಸೂಚನೆ ಕೊಟ್ಟು ತೆರೆದರೆ ಇಮ್ಯಾಕ್ಸ್ ಸಂಸ್ಥೆಯ ಫೈಲನ್ನೂ ನಮ್ಮ ಫೈಲನ್ನೂ ಓದದೆ, ಅಂಗಡಿಯಿಂದ ಈಗಷ್ಟೇ ತಂದದ್ದರ ಹಾಗೆ ಏಳುತ್ತದೆ. ಅದನ್ನು ನಾನೂ ಆಗಾಗ ಮಾಡುವುದುಂಟು. ಒಂದು ದೋಷ ಇಮ್ಯಾಕ್ಸಿನದ್ದೋ ನನ್ನದೋ ಎಂದು ತಿಳಿಯಲು ಅದಕ್ಕಿಂತ ಸುಲಭದ ದಾರಿಯಿಲ್ಲ. ಆದರೆ ಹಾಗೆ ತೆರೆದಾಗ ಬೆರಳುಗಳು ಕತ್ತಲೆ ಕೋಣೆಯಲ್ಲಿ ಸ್ವಿಚ್ಚು ಹುಡುಕುತ್ತವೆ. ಆಗಲೇ ಗೊತ್ತಾಗುವುದು, ನನ್ನದು ಎಂದುಕೊಂಡಿದ್ದರಲ್ಲಿ ಎಷ್ಟು ಪಾಲು ಮಾಷ್ಟ್ರದ್ದು ಎಂದು.

ಕೊನೆಗೆ ಕೊಟ್ಟೆ. ಮಾಷ್ಟ್ರು ನನಗೆ ಹೇಳಿದ ಮಾತನ್ನೇ ಹೇಳಿದೆ, ಮೊಳೆಯ ವಿಷಯ ಸೇರಿಸಿ. ತಿಂಗಳಾದ ಮೇಲೆ ಬೆಂಗಳೂರಿನಿಂದ ಅವನ ಫೋನು ಬಂತು. ಅರ್ಧಕ್ಕರ್ಧ ತೆಗೆದು ಹಾಕಿದ್ದನಂತೆ. ತಳದ ಸಂದೇಶದ ಸಾಲಿನಲ್ಲಿ ಯಾರದೋ ಹೆಸರಿತ್ತು, ಅಲ್ಲಿ ತನ್ನ ಹೆಸರು ಬರೆದನಂತೆ, ಈಗ ಸಂದೇಶ ಬರುವುದಿಲ್ಲವಂತೆ. ಇಷ್ಟು ಬೇಗ ಅವನಿಗೆ ಅದು ಹೊಳೆದದ್ದಕ್ಕೆ ನನಗೆ ಸಂತೋಷವೇ ಆಯಿತು.

"ಅಕ್ಷರದ ಗಾತ್ರದ ನಾಲ್ಕು ಸಾಲು ಇತ್ತಲ್ಲ, ಅದನ್ನೆಂತ ಮಾಡಿದೆ?" ಎಂದು ಕೇಳಿದೆ.

"ಹನ್ನೆರಡರದ್ದು ಒಂದು ನಡೀತಾ ಉಂಟು ಮಾವ. ಉಳಿದದ್ದಕ್ಕೆ ಮುಂದೆ ಚಿಹ್ನೆ ಹಾಕಿ ಇಟ್ಟಿದ್ದೇನೆ" ಎಂದ. ಸ್ವಲ್ಪ ತಡೆದು, "ಬೇಕಾಗ್ತದಲ್ಲ, ಮುಂದೆ" ಎಂದ.