ಹರಿಗೋಲಿನ ದೀಪ, ರೇಡಿಯೊದ ಗೊರಗೊರ

ದಸರಾ ರಜೆಗೆ ಮೊಮ್ಮಗಳು ಕುಷ್ಟಗಿಗೆ ಬಂದಿದ್ದಳು. ಈಗ ಆರನೇ ತರಗತಿ. ‘ಅಜ್ಜಾ, ಹರಿಗೋಲಿನಾಗ ಕೂಡಿಸ್ತೀನಂತ ಹೋದ ವರ್ಷಾನೂ ಹೇಳಿದ್ದಿ’ ಎಂದು ನೆನಪಿಸಿದಳು. ಕೊಟ್ಟ ಮಾತಿನಿಂದ ತಪ್ಪಿಸಿಕೊಳ್ಳಲಾದೀತೇ? ಒಂದು ಮುಂಜಾನೆ ರೊಟ್ಟಿ ಬುತ್ತಿ ಕಟ್ಟಿಕೊಂಡು ಇಬ್ಬರೂ ಬಸ್ ಹತ್ತಿದೆವು.

ನಮ್ಮ ಕುಷ್ಟಗಿ, ಯಲಬುರ್ಗಾ ಕಡೆಯದು ಹೆಚ್ಚಾಗಿ ಮಳೆಯನ್ನೇ ನಂಬಿದ ನೆಲ. ಸಜ್ಜೆ, ಜೋಳ, ಕಡಲೆ. ತಾವರಗೇರಾ, ಕನಕಗಿರಿ ದಾಟಿ ಗಂಗಾವತಿ ಸಮೀಪಿಸಿದಂತೆ ನೋಟವೇ ಬದಲಾಗುತ್ತದೆ. ಕಾಲುವೆ, ತೂಬು, ಕಣ್ಣು ಹಾಯಿಸಿದಷ್ಟೂ ಭತ್ತದ ಗದ್ದೆ. ‘ಇಷ್ಟು ನೀರು ಎಲ್ಲಿಂದ ಬಂತು?’ ಎಂದಳು. ಕೊಪ್ಪಳ ತಾಲ್ಲೂಕಿನ ಮುನಿರಾಬಾದಿನ ಬಳಿ ಇರುವ ತುಂಗಭದ್ರಾ ಅಣೆಕಟ್ಟಿನಿಂದ ಎಂದೆ. ಈ ಅಣೆಕಟ್ಟಿನ ಮಾತು ಸಂಜೆ ಮತ್ತೆ ಬರುತ್ತದೆಂದು ಆಗ ಗೊತ್ತಿರಲಿಲ್ಲ.

ಆನೆಗೊಂದಿಗೆ ಹೋಗಿ, ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಇಳಿದೆವು. ಅವಳು ಓಡುತ್ತ, ನಾನು ಕುಳಿತು ಕುಳಿತು. ಮಧ್ಯಾಹ್ನದ ಬಿಸಿಲು ತಗ್ಗಿದ ಮೇಲೆ ಹೊಳೆ ದಂಡೆಗೆ ಬಂದೆವು. ಆಚೆ ದಡದಲ್ಲಿ ತಳವಾರಘಟ್ಟ, ಅದರಾಚೆ ಹಂಪಿ. ನಡುವೆ ಗುಂಡುಬಂಡೆಗಳ ಸಂದಿಯಲ್ಲಿ ಹರಿಯುವ ತುಂಗಭದ್ರೆ.

ಮಕ್ಕಳೇ, ಹರಿಗೋಲು ನೋಡಿದ್ದೀರಾ? ಬಿದಿರಿನ ದಬ್ಬೆಗಳಿಂದ ಹೆಣೆದ ದೊಡ್ಡ ಬುಟ್ಟಿಯಂಥ ದೋಣಿ ಅದು. ಹೊರಮೈಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿದಿರುತ್ತಾರೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇದೇ ಆನೆಗೊಂದಿಯ ಹೊಳೆಯಲ್ಲಿ ಇಂಥ ದೋಣಿಗಳನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಬುಟ್ಟಿಯಂತೆ ದುಂಡಗಿವೆ, ಹೊರಗೆ ಚರ್ಮ ಹೊದಿಸಿದ್ದಾರೆ, 15–20 ಜನರನ್ನು ಹೊರುತ್ತವೆ, ನೆಟ್ಟಗೆ ಹೋಗದೆ ಸುತ್ತುತ್ತಲೇ ಸಾಗುತ್ತವೆ ಎಂದು. ಚರ್ಮ ಹೋಗಿ ಪ್ಲಾಸ್ಟಿಕ್ ಬಂದಿದೆ. ಸುತ್ತುವುದು ಮಾತ್ರ ತಪ್ಪಿಲ್ಲ. ಜೀವರಕ್ಷಕ ಜಾಕೆಟ್ ತೊಟ್ಟು ಕುಳಿತ ಮೊಮ್ಮಗಳನ್ನು ಅಂಬಿಗ ಎರಡು ಸುತ್ತು ಹೆಚ್ಚಿಗೇ ಸುತ್ತಿಸಿದ. ಅವಳ ಕೂಗು ಆಚೆ ದಂಡೆಗೂ ಕೇಳಿರಬೇಕು.

ಹೊತ್ತು ಮುಳುಗುವ ಮೊದಲೇ ದಂಡೆಗೆ ಮರಳಿದೆವು. ಅಂಬಿಗ ಇನ್ನು ಮೀನಿನ ಬಲೆ ಬಿಡಲು ಹೋಗುವವನಿದ್ದ. ಬೈಕಿನ 12 ವೋಲ್ಟಿನ ಬ್ಯಾಟರಿಗೆ ಒಂದು ಎಲ್‌ಇಡಿ ದೀಪ ಕಟ್ಟಿಕೊಂಡಿದ್ದ. ಪಕ್ಕದಲ್ಲಿ ಪುಟ್ಟ ರೇಡಿಯೊ. ಹೊಸಪೇಟೆ ಆಕಾಶವಾಣಿಯ ದನಿ ಬಂಡೆಗಳ ಮರೆಯಲ್ಲೂ ಸಣ್ಣಗೆ ಬರುತ್ತಿತ್ತು. ಕತ್ತಲಾಯಿತೆಂದು ಅವನು ದೀಪ ಹೊತ್ತಿಸಿದ. ಅಷ್ಟೇ! ರೇಡಿಯೊ ‘ಗೊರ್‍ರ್’ ಎಂದಿತು. ಮಾತೆಲ್ಲ ಮುಳುಗಿಹೋಯಿತು.

‘ರೇಡಿಯೊ ಕೆಟ್ಟೈತ್ರಿ ಮಾಸ್ತರ್ರ. ಹೊಸಾದು ತರಬೇಕು’ ಎಂದ ಅಂಬಿಗ.

ಮೊಮ್ಮಗಳು ಮಾತಾಡದೆ ದೀಪದ ಗುಂಡಿ ಒತ್ತಿದಳು. ಕತ್ತಲು, ರೇಡಿಯೊ ಸ್ಪಷ್ಟ. ಮತ್ತೆ ಒತ್ತಿದಳು. ಬೆಳಕು, ಗೊರಗೊರ. ‘ಮಾಮಾ, ರೇಡಿಯೊ ಕೆಟ್ಟಿಲ್ಲ. ನಿನ್ನ ದೀಪಾನ ಒದರಾಕತ್ತೈತಿ!’

ದೀಪ ಒದರುವುದೇ? ಹೌದು, ಒಂದು ಲೆಕ್ಕದಲ್ಲಿ ನಿಜವೇ. ಗಂಗಾವತಿಯ ಕಾಲುವೆಯನ್ನೇ ನೆನೆಯಿರಿ. ಕಾಲುವೆಯಲ್ಲಿ ನೀರು ಜಾಸ್ತಿ, ಗದ್ದೆಗೆ ಬೇಕಾದದ್ದು ಹದವಾಗಿ. ನೀರಗಂಟಿ ತೂಬು ತೆರೆದು ಮುಚ್ಚಿ ಹದ ಕಾಯುತ್ತಾನೆ. ಎಲ್‌ಇಡಿಯದೂ ಇಂಥದೇ ಸ್ವಭಾವ. ವೋಲ್ಟೇಜು ತುಸು ಏರಿದರೂ ಕರೆಂಟು ಬಹಳ ಏರಿ ಸುಟ್ಟುಹೋಗಬಹುದು. 12 ವೋಲ್ಟಿನ ಬ್ಯಾಟರಿಯೋ, ಚಾರ್ಜ್ ಆಗುವಾಗ 14ನ್ನೂ ದಾಟುತ್ತದೆ. ಅದಕ್ಕೇ ಅನೇಕ ದೀಪಗಳೊಳಗೆ ‘ಡ್ರೈವರ್’ ಎಂಬ ಪುಟ್ಟ ನೀರಗಂಟಿ ಇರುತ್ತಾನೆ. ಅವನು ಕರೆಂಟಿನ ತೂಬನ್ನು ಸೆಕೆಂಡಿಗೆ ಸಾವಿರಾರು, ಕೆಲವೊಮ್ಮೆ ಲಕ್ಷಾಂತರ ಸಲ ತೆರೆದು ಮುಚ್ಚುತ್ತಾನೆ. ತೂಬನ್ನು ದಢದಢ ಬಡಿದರೆ ಕಾಲುವೆಯಲ್ಲಿ ಅಲೆ ಏಳುವುದಿಲ್ಲವೇ? ಹಾಗೆಯೇ ಇಲ್ಲಿ ವಿದ್ಯುತ್ತಿನ ಅಲೆಗಳು ಏಳುತ್ತವೆ. ದೀಪದ ವೈರೇ ಆಂಟೆನಾ ಆಗಿ ಅವನ್ನು ಸುತ್ತ ಹರಡುತ್ತದೆ. ಒಳ್ಳೆಯ ದೀಪದಲ್ಲಿ ಈ ಅಲೆಗಳನ್ನು ತಡೆಯುವ ಬಿಡಿಭಾಗಗಳಿರುತ್ತವೆ. ಅಗ್ಗದ ದೀಪದಲ್ಲಿ ಎಷ್ಟೋ ಸಲ ಅವನ್ನೇ ಬಿಟ್ಟಿರುತ್ತಾರೆ.

ಮನೆಯಲ್ಲಾದರೆ ರೇಡಿಯೊವನ್ನು ಪಡಸಾಲೆಗೆ ಒಯ್ಯಬಹುದು. ದೂರ ಹೋದಂತೆ ಗದ್ದಲ ಬೇಗ ಇಳಿಯುತ್ತದೆ. ಹರಿಗೋಲಿನಲ್ಲಿ ದೂರವೆಲ್ಲಿದೆ? ದೀಪ, ಬ್ಯಾಟರಿ, ರೇಡಿಯೊ, ಮನುಷ್ಯ ಎಲ್ಲವೂ ಕೈಯಳತೆಯಲ್ಲೇ.

ದೊಡ್ಡ ಹಡಗುಗಳಿಗೂ ಈ ಕಾಟ ತಪ್ಪಿಲ್ಲ. ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹಿಂದೆ ಬಿಳಿ ದೀಪ ಹಚ್ಚುವುದು ಹಡಗಿನ ನಿಯಮ. ಕಂಬದ ತುದಿಯಲ್ಲೂ ಬಿಳಿ ದೀಪ, ಅಲ್ಲೇ ಹತ್ತಿರ ರೇಡಿಯೊ ಆಂಟೆನಾ. ಎಲ್‌ಇಡಿ ದೀಪಗಳು ಹಡಗಿನ ರೇಡಿಯೊಗೆ ಅಡ್ಡಿ ಮಾಡುತ್ತಿವೆ ಎಂದು ಅಮೆರಿಕದ ಕರಾವಳಿ ಕಾವಲು ಪಡೆ 2018ರ ಆಗಸ್ಟ್‌ನಲ್ಲಿ ಎಚ್ಚರಿಕೆ ಹೊರಡಿಸಿತು. ಒಂದು ಪ್ರಸಂಗದಲ್ಲಿ ರಕ್ಷಣಾ ಕೇಂದ್ರದವರು ಒಂದು ಹಡಗನ್ನು ರೇಡಿಯೊದಲ್ಲಿ ಕರೆದರೂ ಸಂಪರ್ಕ ಸಾಧ್ಯವಾಗಲಿಲ್ಲವಂತೆ. ಕಡಲಿನಲ್ಲಿ ಆಪತ್ತಿನ ಕರೆ ಹೋಗುವ 16ನೇ ಚಾನೆಲ್ಲು 156.8 ಮೆಗಾಹರ್ಟ್ಸ್. ನಮ್ಮ ಎಫ್‌ಎಂ 108ಕ್ಕೆ ಮುಗಿಯುತ್ತದೆ. ಎರಡಕ್ಕೂ ಬಹಳ ದೂರವಿಲ್ಲ. ಆ ಪಡೆ ಹೇಳಿದ ಪರೀಕ್ಷೆಯೂ ನಮ್ಮ ಹುಡುಗಿ ಮಾಡಿದ್ದಕ್ಕೆ ಹತ್ತಿರದ್ದೇ: ರೇಡಿಯೊದ ಸದ್ದು ಅಡಗುವವರೆಗೆ ತಿರುಪಿ, ದೀಪ ಹಚ್ಚಿ ನೋಡಿ, ಸದ್ದು ಮರಳಿದರೆ ದೀಪದ್ದೇ ತಪ್ಪು.

‘ದೀಪ ಬಾಳಿಕೆ ಬರತೈತೇನ್ರಿ?’ ಎಂದು ಅಂಬಿಗನನ್ನು ಕೇಳಿದೆ.

‘ಎಲ್ಲಿ ಬರತೈತ್ರಿ! ಹೋದದ್ದು ಒಂದ ಮಳೆಗಾಲಕ್ಕ ಹೋತು.’

ಹಳೆಯ ದೀಪವನ್ನು ತೋರಿಸಿದ. ವೈರಿನ ತುದಿಗೆ ಹಸಿರು ಕಿಲುಬು ಹಿಡಿದಿತ್ತು, ಗುಂಡಿಯೊಳಗೆ ನೀರು ಹೋಗಿತ್ತು. ಎಲ್‌ಇಡಿ ಕಾಳುಗಳನ್ನು ನೋಡಿದರೆ ಒಂದೂ ಕರ್‍ರಗಾಗಿರಲಿಲ್ಲ. ಮೊಮ್ಮಗಳಿಗೆ ಒಂದು ಲೆಕ್ಕ ಕೊಟ್ಟೆ. ಡಬ್ಬಿಯ ಮೇಲೆ 25,000 ತಾಸು ಎಂದು ಬರೆದಿದ್ದರೆ, ರಾತ್ರಿಗೆ 5 ತಾಸಿನಂತೆ ಎಷ್ಟು ದಿನ? ‘5,000 ದಿನ. 13 ವರ್ಷಕ್ಕೂ ಜಾಸ್ತಿ!’ ಹೌದು. ಆದರೆ ಆ ಲೆಕ್ಕ ಕಾಳಿನದು. ಬೆಸುಗೆ, ಗುಂಡಿ, ವೈರು, ಡ್ರೈವರ್ ಇವುಗಳಲ್ಲಿ ಒಂದು ಕೈಕೊಟ್ಟರೂ ದೀಪ ಆರುತ್ತದೆ. ಹೊಳೆಯ ತೇವ ಮೊದಲು ಹಿಡಿಯುವುದು ಅವನ್ನೇ.

‘ರೇಡಿಯೊ ಹಾಡು ಕೇಳಾಕಷ್ಟೇನ?’ ಎಂದು ಮೊಮ್ಮಗಳು ಕೇಳಿದಳು. ಅಂಬಿಗ ಅಣೆಕಟ್ಟಿನ ದಿಕ್ಕಿಗೆ ಮುಖ ತಿರುಗಿಸಿದ.

‘ಇಲ್ಲವಾ. ಡ್ಯಾಮಿನಿಂದ ಎಷ್ಟು ನೀರು ಬಿಟ್ಟಾರ ಅಂತ ಸುದ್ದಿ ಬರತೈತಿ. ಊರಾಗ ಡಂಗುರಾನೂ ಹೊಡಸ್ತಾರ. ಆದ್ರ ನಾ ಹೊಳ್ಯಾಗ ಇದ್ರ ಡಂಗುರ ಕೇಳಂಗಿಲ್ಲ.’

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಗಿದ್ದು ಹಿರಿಯರಿಗೆ ನೆನಪಿರಬಹುದು. ಒತ್ತಡ ತಗ್ಗಿಸಲು ಬೇರೆ ಗೇಟುಗಳನ್ನೂ ತೆರೆಯಬೇಕಾಯಿತು. ನದಿ ದಂಡೆಯ ಜನರಿಗೆ ಎಚ್ಚರಿಕೆ ಕೊಟ್ಟರು. ಇಂಥ ಸುದ್ದಿ ಬರುವ ಹೊತ್ತಿನಲ್ಲಿ ಗೊರಗೊರ ಎಂದರೆ? ಬೆಳಕು ಕೊಟ್ಟ ದೀಪವೇ ಕಿವಿ ಮುಚ್ಚಿದಂತಾಯಿತಲ್ಲ!

ಅಂಬಿಗನಿಗೆ ನಾನು ಹೇಳಿದ್ದು ಇಷ್ಟೇ: ಹೊಸ ರೇಡಿಯೊ ಬೇಡ, ದೀಪ ಬದಲಿಸು. ಕೊಳ್ಳುವಾಗ ರೇಡಿಯೊವನ್ನು ಅಂಗಡಿಗೇ ಒಯ್ದು, ದೀಪದ ಹತ್ತಿರ ಹಿಡಿದು ನೋಡು. ವೈರಿನ ಜೋಡಣೆಗೆ ನೀರು ತಾಗದಂತೆ ಬಿಗಿಯಾಗಿ ಸುತ್ತು. ವೈರಿಗೆ ಫೆರೈಟ್ ಎಂಬ ಕಪ್ಪು ಬಳೆ ಹಾಕಿದರೆ ಗದ್ದಲ ಕಡಿಮೆಯಾಗಬಹುದು. ಕಂಪ್ಯೂಟರಿನ ಕೆಲವು ವೈರುಗಳಿಗೆ ಗಂಟಿನಂತೆ ಇರುತ್ತದಲ್ಲ, ಅದೇ. ಡ್ರೈವರ್ ಇಲ್ಲದ, ಶೆಲ್ ಹಾಕುವ ಸಾದಾ ಟಾರ್ಚೊಂದು ಜೊತೆಗಿರಲಿ.

ಮಕ್ಕಳೇ, ನೀವೂ ಪರೀಕ್ಷೆ ಮಾಡಬಹುದು. ಅಜ್ಜ-ಅಜ್ಜಿಯ ಹಳೆಯ ರೇಡಿಯೊವನ್ನು ಮೀಡಿಯಂ ವೇವ್‌ಗೆ ಹಾಕಿ, ಯಾವ ಕೇಂದ್ರವೂ ಇಲ್ಲದ ಕಡೆ ಮುಳ್ಳು ನಿಲ್ಲಿಸಿ. ಮನೆಯ ಎಲ್‌ಇಡಿ ದೀಪಗಳನ್ನು ಒಂದೊಂದಾಗಿ ಹಚ್ಚಿ, ರೇಡಿಯೊವನ್ನು ಅವುಗಳ ಸಮೀಪಕ್ಕೆ ಒಯ್ಯಿರಿ. ಯಾವುದು ಒದರುತ್ತದೆ, ಎಷ್ಟು ಹೆಜ್ಜೆ ದೂರಕ್ಕೆ ಸುಮ್ಮನಾಗುತ್ತದೆ, ಬರೆದಿಡಿ. ಬಲ್ಬನ್ನು ಬಿಚ್ಚಬೇಡಿ, ವೈರು ಮುಟ್ಟಬೇಡಿ. ಹಿರಿಯರು ಜೊತೆಗಿರಲಿ.

ಆ ಸಂಜೆ ವಾರ್ತೆಯ ಹೊತ್ತಾದಾಗ ಅಂಬಿಗ ತಾನಾಗಿ ದೀಪ ಆರಿಸಿದ. ದಂಡೆಗೆ ಕಟ್ಟಿದ ಹರಿಗೋಲಿನ ಬಳಿ ಮೂವರೂ ಕತ್ತಲಲ್ಲಿ ಸುಮ್ಮನೆ ಕುಳಿತು ಕೇಳಿದೆವು. ನೀರಿನ ಸುದ್ದಿ ಏನೂ ಇರಲಿಲ್ಲ. ‘ಇವತ್ತ ಹೊಳಿ ಸಮಾಧಾನ ಐತಿ’ ಎಂದು ಅವನು ಮತ್ತೆ ದೀಪ ಹೊತ್ತಿಸಿ, ಹುಟ್ಟು ಹಾಕುತ್ತ ನೀರಿಗಿಳಿದ. ಸುತ್ತುತ್ತ ಸುತ್ತುತ್ತ ಹೋದ ಆ ಬೆಳಕು ಬಂಡೆಯ ಹಿಂದೆ ಮರೆಯಾಗುವ ತನಕ ಮೊಮ್ಮಗಳು ನೋಡುತ್ತಲೇ ಇದ್ದಳು.