ಅಪ್ಪ, ಆಂಟೆನಾ ಮತ್ತು ಸ್ಟಾರ್ ಟ್ರೆಕ್

ಮೂಡಿಗೆರೆಯಿಂದ ಕಳಸಕ್ಕೆ ಹೋಗುವಾಗ ಕೊಟ್ಟಿಗೆಹಾರ ದಾಟಿ, ಟಾರು ರಸ್ತೆ ಬಿಟ್ಟು ಎರಡು ಕಿಲೋಮೀಟರ್ ಒಳಗೆ ನಮ್ಮ ಮನೆ. ಎಂಬತ್ತರ ದಶಕದಲ್ಲಿ ದೂರದರ್ಶನದವರು ಭಾನುವಾರ ಬೆಳಿಗ್ಗೆ 'ಸ್ಟಾರ್ ಟ್ರೆಕ್' ಹಾಕ್ತಿದ್ದರು. ನಮ್ಮದು ಕಪ್ಪು-ಬಿಳುಪು ಟಿವಿ. ಅದರಲ್ಲಿ ಚಿತ್ರ ಬರಬೇಕಾದ್ರೆ ಮನೆ ಹಿಂದಿನ ದಿಬ್ಬದ ಮೇಲೆ ನೆಟ್ಟಿದ್ದ ಆಂಟೆನಾ ಪೈಪನ್ನು ಯಾರಾದರೂ ತಿರುಗಿಸಬೇಕಿತ್ತು. ಆ ಯಾರಾದರೂ ಅಂದ್ರೆ ನಮ್ಮಪ್ಪ.

ಮೇಲಿಂದ ಅಪ್ಪ "ಬಂತನಾ?" ಅಂತ ಕೂಗೋದು. ಅಮ್ಮ ಅಡುಗೆಮನೆ ಕಿಟಕಿಯಿಂದ ಅದನ್ನೇ ನನಗೆ ದಾಟಿಸೋದು. ನಾನು "ಬಂತು, ಬಂತು... ಅಯ್ಯೋ ಹೋಯ್ತು!" ಅನ್ನೋದು. ಗಾಳಿ ಜೋರಿದ್ದ ದಿನ ಅಪ್ಪ ಕಂಬಳಿ ಕೊಪ್ಪೆ ಹಾಕ್ಕೊಂಡು ಪೈಪ್ ಹಿಡ್ಕೊಂಡೇ ನಿಂತುಬಿಡ್ತಿದ್ರು.

ಹೋದ ವರ್ಷದ ಕೊನೆಗೆ ಬೆಂಗಳೂರಿನಲ್ಲಿ ಆ ಸರಣಿಯ ಪೂರ್ತಿ ಡಿವಿಡಿ ಸೆಟ್ ಕೊಂಡೆ. ಒಟ್ಟು 79 ಕಂತು. ಮೊದಲಿನಿಂದ ಒಂದೂ ಬಿಡದೆ ನೋಡೋದು ಅಂತ ತೀರ್ಮಾನ. ಮೊದಲ ಕಂತು ಹಾಕಿದ ಅರ್ಧ ಗಂಟೆಗೇ ಒಂದು ವಿಷಯ ಗೊತ್ತಾಯ್ತು: ನಾನು ಇದನ್ನ ಯಾವತ್ತೂ ಸರಿಯಾಗಿ ನೋಡೇ ಇಲ್ಲ. ಒಂದೋ ಚಿತ್ರ ಹೋಗ್ತಿತ್ತು, ಇಲ್ಲ ಕರೆಂಟ್ ಹೋಗ್ತಿತ್ತು. ನಾನು ನಕ್ಷತ್ರ ಅಂದ್ಕೊಂಡಿದ್ದರಲ್ಲಿ ಅರ್ಧ ಟಿವಿಯ ಚುಕ್ಕಿಗಳು. ಕೆಂಪು ಅಂಗಿ ಹಾಕಿ ಗ್ರಹಕ್ಕೆ ಇಳಿದವನು ಸಾಯ್ತಾನೆ ಅನ್ನೋ ಜೋಕು ಲೋಕಕ್ಕೆಲ್ಲ ಗೊತ್ತು. ನಮ್ಮ ಟಿವಿಯಲ್ಲಿ ಎಲ್ಲರ ಅಂಗಿಯೂ ಬೂದಿ ಬಣ್ಣ. ಯಾರು ಸಾಯ್ತಾರೆ ಅಂತ ಹೇಗೆ ಗೊತ್ತಾಗಬೇಕು!

ಫೋನಿನಲ್ಲಿ ಅಮ್ಮನಿಗೆ ಇದನ್ನೆಲ್ಲ ಹೇಳಿ ನಗ್ತಿದ್ದೆ. ಅಮ್ಮ ಅಂದ್ರು, "ನೀನು ಅರ್ಧ ಆದ್ರೂ ನೋಡಿದ್ದೀಯ. ನಿಮ್ಮಪ್ಪ ಒಂದು ದಿನಾನೂ ನೋಡ್ಲಿಲ್ಲ ಅದನ್ನ."

ಹೌದಲ್ಲ. ಇಷ್ಟು ವರ್ಷ ಇದು ನನ್ನ ತಲೆಗೇ ಬಂದಿರಲಿಲ್ಲ.

ಎರಡನೇ ಕಂತು ಹಾಕಲಿಲ್ಲ. ಜನವರಿಯಲ್ಲಿ, ಕಾಫಿ ಕುಯ್ಲಿನ ಹೊತ್ತಿಗೆ, ಪೂರಾ ಸೆಟ್ ಬ್ಯಾಗಿಗೆ ಹಾಕ್ಕೊಂಡು ಊರಿಗೆ ಹೋದೆ. ಹಿಂದಿನ ಮಳೆಗಾಲದಲ್ಲಿ ಅಪ್ಪನಿಗೆ ಬೈಪಾಸ್ ಆಗಿತ್ತು. ಕಣದ ಹತ್ತಿರ ಹೋಗಿ ಕೂಗಾಡೋ ಹಾಗಿಲ್ಲ ಅಂತ ಡಾಕ್ಟರು ಹೇಳಿದ್ದರಿಂದ ಜಗಲಿಯಲ್ಲಿ ಕೂತು ಎಲ್ಲರ ಮೇಲೂ ಸಿಡಿಮಿಡಿ ಮಾಡ್ತಿದ್ರು.

ಮೊದಲ ಕಂತು ಅಮೆರಿಕದಲ್ಲಿ ಬಂದಿದ್ದು 1966ರ ಸೆಪ್ಟೆಂಬರ್ 8ಕ್ಕೆ. ಅದರಲ್ಲೊಂದು ಪ್ರಾಣಿ ಮನುಷ್ಯರ ಮೈಯಿಂದ ಉಪ್ಪು ಹೀರಿ ಕೊಲ್ಲುತ್ತೆ. ಇಂಗ್ಲಿಷ್ ಸಂಭಾಷಣೆಯನ್ನ ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳ್ತಿದ್ದೆ. ಅಪ್ಪ ಗಂಭೀರವಾಗಿ ಕೇಳಿ, "ನಮ್ಮ ಇಂಬಳ ಉಪ್ಪು ಹಾಕಿದ್ರೆ ಬಿದ್ದು ಹೋಗ್ತದೆ, ಇದು ಉಪ್ಪೇ ಬೇಕು ಅಂತದಲ್ಲ ಮಾರಾಯ" ಅಂದ್ರು. ಜನ ಮಿಣಮಿಣ ಅಂತ ಮಾಯವಾಗಿ ಗ್ರಹದ ಮೇಲೆ ಪ್ರತ್ಯಕ್ಷ ಆಗೋದು ಯಾಕೆ ಅಂತ ಕೇಳಿದ್ರು. ಪ್ರತಿ ವಾರ ನೌಕೆ ಇಳಿಸೋದನ್ನ ತೋರಿಸೋಕೆ ಅವರ ಹತ್ರ ದುಡ್ಡಿರಲಿಲ್ಲ, ಅದಕ್ಕೆ ಈ ಉಪಾಯ ಅಂದೆ. ಅಪ್ಪನಿಗೆ ಇಡೀ ಸರಣಿಯ ಮೇಲೆ ಗೌರವ ಬಂದಿದ್ದು ಆಗಲೇ.

ಆಮೇಲೆ ತಿಂಗಳಿಗೊಂದು ಸಲ ಊರಿಗೆ ಹೋಗೋದು ರೂಢಿ ಆಯ್ತು. ಹೋದಾಗ ಎರಡೋ ಮೂರೋ ಕಂತು. ಹೀಗೆ ದೀಪಾವಳಿ ಹೊತ್ತಿಗೆ ಇಪ್ಪತ್ತೈದನೇದಕ್ಕೆ ಬಂದ್ವಿ. ಒಂದು ಗ್ರಹದಲ್ಲಿ ಗಣಿ. ಬಂಡೆಯೊಳಗೆ ಓಡಾಡೋ ಹೋರ್ಟಾ ಅನ್ನೋ ಜೀವಿ ಕೆಲಸಗಾರರನ್ನ ಒಬ್ಬೊಬ್ಬರನ್ನಾಗಿ ಕೊಲ್ಲುತ್ತೆ. ಎಲ್ಲರೂ ಬಂದೂಕು ಹಿಡಿದು ಹೊರಡ್ತಾರೆ. ಚೂಪು ಕಿವಿಯ ಸ್ಪಾಕ್ ಅದರ ಮೈಮೇಲೆ ಕೈಯಿಟ್ಟು ಅದರ ಮನಸ್ಸು ಓದ್ತಾನೆ. ಗಣಿಯವರು ಕಲ್ಲಿನ ಉಂಡೆ ಅಂತ ಒಡೆದು ಹಾಕ್ತಿದ್ದಿದ್ದು ಅದರ ಮೊಟ್ಟೆಗಳು. ಅದು ತಾಯಿ.

ನಾನು ಕುದುರೆಮುಖದ ಮಾತು ಬರುತ್ತೆ ಅಂದ್ಕೊಂಡಿದ್ದೆ. 2005ರ ಕೊನೆಗೆ ಅಲ್ಲಿ ಗಣಿ ನಿಂತಿದ್ದು ನಮ್ಮ ಕಡೆ ಈಗಲೂ ದೊಡ್ಡ ಚರ್ಚೆ. ಅಪ್ಪ ಅಂದಿದ್ದೇ ಬೇರೆ: "ಇದು ಆನೆ ಕತೆ ಅಲ್ಲನಾ?"

ಅದರ ಹಿಂದಿನ ವರ್ಷ ಮರಿ ಕಟ್ಕೊಂಡು ಬಂದ ಹೆಣ್ಣಾನೆಯೊಂದು ನಮ್ಮ ತೋಟದಲ್ಲಿ ಎರಡು ಬೈನೆ ಮರ ಉರುಳಿಸಿ, ಒಂದು ಸಾಲು ಕಾಫಿ ಗಿಡ ತುಳಿದು ಹೋಗಿತ್ತು. ಪಟಾಕಿ ಹಿಡಿದು ಎಲ್ಲರಿಗಿಂತ ಮುಂದೆ ಓಡಿದ್ದು ಅಪ್ಪನೇ.

"ತೋಟ ನಮ್ದು ಅಂತ ನಾವು ಹೇಳ್ತೀವಿ. ಅದು ಎಂತ ಹೇಳುತ್ತೋ, ಕೈಯಿಟ್ಟು ಕೇಳಿದೋರು ಯಾರು?" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ಆದ್ರೂ ಗಿಡ ತುಳಿದ್ರೆ ಓಡಿಸ್ಲೇಬೇಕಲ್ಲ" ಅಂತಲೂ ಸೇರಿಸಿದ್ರು.

ಇದೇ ಮೂಡಿಗೆರೆಯಲ್ಲಿದ್ದ ತೇಜಸ್ವಿಯವರು ಹಾರುವ ಓತಿಯನ್ನ ಹುಡುಕಿಕೊಂಡು ಹೋಗೋ 'ಕರ್ವಾಲೊ' ಬರೆದಿದ್ದು 1980ರಲ್ಲಿ. ಅದನ್ನ ಓದಿ ಬೆಳೆದ ನನಗೆ ಹೋರ್ಟಾದಲ್ಲಿ ಆನೆ ಕಾಣಿಸಬೇಕಿತ್ತು. ಕಂಡಿದ್ದು ಅಪ್ಪನಿಗೆ.

ಆ ಸಲ ವಾಪಸ್ ಹೊರಡುವಾಗ ಲೆಕ್ಕ ಹಾಕಿದೆ. ಇನ್ನೂ 54 ಕಂತು. ಹೀಗೇ ಹೋದ್ರೆ ಹತ್ತಿರ ಹತ್ತಿರ ಎರಡು ವರ್ಷ. ಅಪ್ಪನಿಗೆ ಎಪ್ಪತ್ತನಾಲ್ಕು. ಡಿವಿಡಿ ಸೆಟ್ ಟಿವಿ ಪಕ್ಕ ಇಟ್ಟು, "ಇಲ್ಲೇ ಇರ್ಲಿ, ಬೇಕಾದಾಗ ನೋಡಿ. ಪ್ಲೇಯರ್ ಹಾಕೋದು ಅಮ್ಮನಿಗೆ ಗೊತ್ತು" ಅಂದೆ.

"ಒಬ್ನೇ ನೋಡಿ ಎಂತ ಮಾಡದು? ತಗಂಡು ಹೋಗು. ನೀನು ಬಂದಾಗ ನೋಡಣ."

ತಗೊಂಡು ಬಂದೆ. ಈಗ ಅದು ಬೆಂಗಳೂರಿನ ಮನೆಯ ಶೆಲ್ಫಿನಲ್ಲಿದೆ. ರಾತ್ರಿ ಆಫೀಸಿಂದ ಬಂದು ಊಟ ಮಾಡುವಾಗ ಒಂದು ಹಾಕೋಣ ಅನ್ನಿಸುತ್ತೆ, ಹಾಕಲ್ಲ. ಶುಕ್ರವಾರ ರಾತ್ರಿಯ ಬಸ್ಸಿಗೆ ಸೀಟ್ ಬುಕ್ ಆಗಿದೆ. ಇಪ್ಪತ್ತಾರನೇ ಕಂತಿನಲ್ಲಿ ಕ್ಲಿಂಗಾನ್‌ಗಳು ಮೊದಲ ಸಲ ಬರ್ತಾರೆ. ಅಪ್ಪನಿಗೆ ಹೇಳಿಲ್ಲ.